ತವರಿಗೆ ಹೋದರೆ ವಾಪಸ್ ಬರೋಕಾಗುತ್ತಾ? ಎಚ್-4 ಹೆಣ್ಣುಮಕ್ಕಳ ಈಗಿನ ಪ್ರಶ್ನೆ

2025ರ ಡಿಸೆಂಬರ್‌ನಲ್ಲಿ ಅಮೆರಿಕದಿಂದ ರಜೆಗೆ ಬಂದ ಎಷ್ಟೋ ಹೆಣ್ಣುಮಕ್ಕಳು ತವರಿನಲ್ಲೇ ಸಿಕ್ಕಿಹಾಕಿಕೊಂಡರು. ಮೂರು ವಾರ ಇದ್ದು, ವೀಸಾ ಸ್ಟಾಂಪಿಂಗ್, ಅಂದರೆ ಪಾಸ್‌ಪೋರ್ಟಿಗೆ ಹೊಸ ವೀಸಾ ಮುದ್ರೆ ಹಾಕಿಸೋದು, ಮುಗಿಸಿ, ಮಕ್ಕಳ ಶಾಲೆ ಶುರುವಾಗುವ ಹೊತ್ತಿಗೆ ವಾಪಸ್ ಹೋಗೋಣ ಅಂತ ಬಂದವರು ಇವರು. ಆದರೆ ಎಚ್-1ಬಿ (ಅಲ್ಲಿ ಕೆಲಸಕ್ಕೆ ಹೋದವರ ವೀಸಾ) ಮತ್ತು ಎಚ್-4 (ಅವರ ಹೆಂಡತಿ ಅಥವಾ ಗಂಡ, ಮಕ್ಕಳ ವೀಸಾ) ಅರ್ಜಿದಾರರೆಲ್ಲರ ಸೋಷಿಯಲ್ ಮೀಡಿಯಾ ಖಾತೆಗಳನ್ನು ಡಿಸೆಂಬರ್ 15ರಿಂದ ಪರಿಶೀಲಿಸುತ್ತೇವೆ ಅಂತ ಅಮೆರಿಕ ಸರ್ಕಾರ ಹೊಸ ನಿಯಮ ತಂದಿತು. ದಿನಕ್ಕೆ ಆಗುವ ಸಂದರ್ಶನಗಳು ಕಡಿಮೆಯಾದವು. ಡಿಸೆಂಬರ್ ಮಧ್ಯಕ್ಕೆ ಇದ್ದ ಅಪಾಯಿಂಟ್‌ಮೆಂಟ್‌ಗಳು 2026ರ ಮಾರ್ಚ್‌ಗೆ ಹೋದವು, ಕೆಲವು ಇನ್ನೂ ಮುಂದಕ್ಕೆ.

ಪತ್ರಿಕೆ, ಟೀವಿಗಳಲ್ಲಿ ಇದು ಬಂತು. ಆದರೆ ಬಂದದ್ದು ಹೆಚ್ಚಾಗಿ ಸಾಫ್ಟ್‌ವೇರ್ ಎಂಜಿನಿಯರುಗಳ ಕೆಲಸದ ಸುದ್ದಿಯಾಗಿ. ಕಂಪನಿ ಎಷ್ಟು ದಿನ ಕಾಯುತ್ತದೆ, ಭಾರತದಿಂದಲೇ ಕೆಲಸ ಮಾಡಬಹುದಾ, ಪ್ರಾಜೆಕ್ಟ್ ಕೈತಪ್ಪುತ್ತಾ, ಇದೇ ಚರ್ಚೆ. ಅದೂ ಮುಖ್ಯವೇ. ಆದರೆ ಗಂಡನ ವೀಸಾ ಸರಿ ಇದ್ದು ಅವನು ವಾಪಸ್ ಹೋಗಿ, ಹೆಂಡತಿ ಮತ್ತು ಮಗು ಇಲ್ಲೇ ಉಳಿದ ಮನೆಗಳ ಮಾತು ಯಾರೂ ಜಾಸ್ತಿ ಆಡಲಿಲ್ಲ. "ತವರಲ್ಲೇ ಇದ್ದಾಳಲ್ಲ, ಇನ್ನೇನು ಕಷ್ಟ" ಅನ್ನುವ ಧೋರಣೆ ಇದರ ಹಿಂದೆ ಇದೆ ಅನಿಸುತ್ತದೆ. ಮದುವೆಯಾಗಿ ಪರದೇಶಕ್ಕೆ ಹೋದ ಹೆಣ್ಣುಮಕ್ಕಳ ಪಾಲಿಗೆ ತವರಿಗೆ ಹೋಗಿಬರೋದು ಅಂದರೆ ಏನು, ಹೊಸ ದೇಶಕ್ಕೆ ಹೊಂದಿಕೊಳ್ಳೋದಕ್ಕೂ ಅದಕ್ಕೂ ಏನು ಸಂಬಂಧ ಅಂತ ಸ್ವಲ್ಪ ಬಿಡಿಸಿ ಬರೆಯಬೇಕು ಅನಿಸಿದ್ದು ಅದಕ್ಕೇ.

ಮೊದಲು ವೀಸಾ ವಿಷಯ. ಬಹಳಷ್ಟು ಅಪ್ಪ ಅಮ್ಮಂದಿರಿಗೆ ಇದು ಅರ್ಥವಾಗೋದಿಲ್ಲ, "ಅಲ್ಲೇ ಇದ್ದೀಯ, ವೀಸಾ ಇಲ್ಲ ಅಂದ್ರೆ ಹೇಗೆ?" ಅಂತ ಕೇಳುತ್ತಾರೆ. ಅಮೆರಿಕದಲ್ಲಿ ಇರೋದಕ್ಕೆ ಬೇಕಾದ ಕಾಗದ ಬೇರೆ, ಅಮೆರಿಕದೊಳಕ್ಕೆ ಬರೋದಕ್ಕೆ ಬೇಕಾದ ಮುದ್ರೆ ಬೇರೆ. ಗಂಡನ ಕಂಪನಿ ಅರ್ಜಿ ಹಾಕಿ ಎಚ್-1ಬಿ ಮುಂದುವರಿಸಿದರೆ, ಹೆಂಡತಿಯ ಎಚ್-4 ಕೂಡ ಅಲ್ಲಿ ಕೂತಲ್ಲೇ ಮುಂದುವರಿಯುತ್ತದೆ. ಐ-797 ಅನ್ನುವ ಕಾಗದ ಬರುತ್ತದೆ. ಅಷ್ಟಿದ್ದರೆ ಅಲ್ಲಿ ಇರಬಹುದು. ಆದರೆ ಒಮ್ಮೆ ದೇಶ ಬಿಟ್ಟು ಹೊರಗೆ ಬಂದರೆ, ವಾಪಸ್ ಹೋಗೋಕೆ ಪಾಸ್‌ಪೋರ್ಟಿನಲ್ಲಿ ಚಾಲ್ತಿಯಲ್ಲಿರುವ ವೀಸಾ ಮುದ್ರೆ ಬೇಕು. ಅದನ್ನು ಕೊಡೋದು ಹೊರದೇಶದ ದೂತಾವಾಸ. ಮುದ್ರೆಯ ಅವಧಿ ಮುಗಿದಿದ್ದರೆ ತವರಿಗೆ ಬಂದಾಗಲೇ ಹೊಸದು ಹಾಕಿಸಿಕೊಳ್ಳಬೇಕು. ಹಾಗಾಗಿ ಪ್ರತಿ ಮೂರು ವರ್ಷಕ್ಕೊಮ್ಮೆ, ಕೆಲವರಿಗೆ ಅದಕ್ಕೂ ಬೇಗ, ಊರಿಗೆ ಬರೋದು ಅಂದರೆ ಒಂದು ಪರೀಕ್ಷೆಗೆ ಕೂರೋದು ಅಂತಲೇ ಅರ್ಥ.

ಸ್ವಲ್ಪ ವರ್ಷ ಇದು ಸುಲಭವಾಗಿತ್ತು. ಹಳೆ ವೀಸಾ ಇದ್ದವರು ಸಂದರ್ಶನವಿಲ್ಲದೆ ಪಾಸ್‌ಪೋರ್ಟ್ ಕೊಟ್ಟು ಬರಬಹುದಿತ್ತು, ಡ್ರಾಪ್‌ಬಾಕ್ಸ್ ಅಂತಾರಲ್ಲ, ಅದು. 2025ರ ಸೆಪ್ಟೆಂಬರ್ 2ರಿಂದ ಅದು ಎಚ್ ವೀಸಾದವರಿಗೆ ಹೋಯಿತು. ಸಣ್ಣ ಮಕ್ಕಳಿಗೂ ಸಂದರ್ಶನ ಬೇಕು ಅಂತಾಯಿತು. ಅದೇ ವಾರ ಇನ್ನೊಂದು ಬಾಗಿಲೂ ಮುಚ್ಚಿತು. ಭಾರತದಲ್ಲಿ ದಿನಾಂಕ ಸಿಗದವರು ಬೇರೆ ಯಾವುದಾದರೂ ದೇಶಕ್ಕೆ ಹೋಗಿ ಸ್ಟಾಂಪಿಂಗ್ ಮಾಡಿಸಿಕೊಳ್ಳುತ್ತಿದ್ದರು, ಈಗ ತಮ್ಮ ದೇಶದಲ್ಲಿ ಅಥವಾ ಕಾನೂನುಬದ್ಧವಾಗಿ ವಾಸವಿರುವ ದೇಶದಲ್ಲೇ ಅರ್ಜಿ ಹಾಕಬೇಕು. ಸೆಪ್ಟೆಂಬರ್ 19ಕ್ಕೆ ಹೊಸ ಎಚ್-1ಬಿ ಅರ್ಜಿಗೆ 1,00,000 ಡಾಲರ್ ಅನ್ನುವ ಘೋಷಣೆ ಬಂತು. ಹಳಬರಿಗೆ ಇದು ಅನ್ವಯಿಸೋದಿಲ್ಲ ಅಂತ ಸ್ಪಷ್ಟನೆ ಬರುವ ಮೊದಲೇ ಹಲವು ಕಂಪನಿಗಳು "ಊರಿಗೆ ಹೋದವರು ತಕ್ಷಣ ವಾಪಸ್ ಬನ್ನಿ" ಅಂತ ಸಂದೇಶ ಕಳಿಸಿದ್ದವು. ಆ ಎರಡು ಮೂರು ದಿನ ಎಷ್ಟು ಮನೆಗಳಲ್ಲಿ ಸೂಟ್‌ಕೇಸ್ ಅರ್ಧ ತುಂಬಿಕೊಂಡೇ ಹೊರಟರೋ.

ಎರಡು ವಿಷಯ ಇಲ್ಲಿ ಹೇಳಲೇಬೇಕು. ಒಂದು, ವೀಸಾ ಮುದ್ರೆಯನ್ನು ಅಮೆರಿಕದೊಳಗೇ ನವೀಕರಿಸುವ ಪ್ರಯೋಗ 2024ರ ಜನವರಿ ಕೊನೆಯಿಂದ ಫೆಬ್ರವರಿವರೆಗೆ ನಡೆಯಿತು, 20,000 ಅರ್ಜಿಗಳ ಮಿತಿಯಲ್ಲಿ. ಅದು ಎಚ್-1ಬಿ ಇದ್ದವರಿಗೆ ಮಾತ್ರ. ಹೆಂಡತಿಯರನ್ನು, ಮಕ್ಕಳನ್ನು ಹೊರಗಿಟ್ಟಿದ್ದರು. ಗಂಡನ ಪಾಸ್‌ಪೋರ್ಟಿಗೆ ಕೂತಲ್ಲೇ ಮುದ್ರೆ, ಹೆಂಡತಿಯದಕ್ಕೆ ಮಾತ್ರ ಅರ್ಧ ಭೂಮಿ ಸುತ್ತಿ ಬರಬೇಕು. ಪ್ರಯೋಗ ಅಷ್ಟಕ್ಕೇ ನಿಂತಿತು. ಎರಡು, ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ವೀಸಾ ಸೇವೆ ಆಮೇಲೆ ಬರುತ್ತದೆ ಅಂತ ಆಗಲೇ ಹೇಳಿದ್ದರು. ಡಿಸೆಂಬರ್‌ನ ಗೊಂದಲದಲ್ಲೂ ನಮ್ಮವರು ಚೆನ್ನೈ, ಹೈದರಾಬಾದ್ ಕಡೆಗೇ ಓಡಬೇಕಾಯಿತು.

ಇದೆಲ್ಲ ಒಂದೆರಡು ವರ್ಷದ ಪಾಡು ಆಗಿದ್ದರೆ ಸಹಿಸಬಹುದಿತ್ತು. ಆದರೆ ಈ ಮುದ್ರೆಯ ಗೋಜಿಲ್ಲದೆ ಅಲ್ಲಿ ಖಾಯಂ ಇರಲು ಬೇಕಾದದ್ದು ಗ್ರೀನ್ ಕಾರ್ಡ್. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡುಗಳು ವರ್ಷಕ್ಕೆ ಸುಮಾರು 1,40,000, ಅದರಲ್ಲಿ ಒಂದೊಂದು ದೇಶಕ್ಕೆ ಶೇಕಡ 7ರ ಮಿತಿ. 1990ರ ಕಾನೂನಿನ ಲೆಕ್ಕ ಇದು. ಚಿಕ್ಕ ದೇಶಕ್ಕೂ ಅಷ್ಟೇ, ಭಾರತಕ್ಕೂ ಅಷ್ಟೇ. ಎಚ್-1ಬಿ ಪಡೆಯುವವರಲ್ಲಿ ಶೇಕಡ 70ಕ್ಕಿಂತ ಹೆಚ್ಚು ಭಾರತೀಯರು. ಹಾಗಾಗಿ ಭಾರತೀಯರ ಸಾಲು ಮಾತ್ರ ದಶಕಗಳ ಉದ್ದಕ್ಕೆ ಬೆಳೆದಿದೆ. ಇಪ್ಪತ್ತಾರಕ್ಕೆ ಮದುವೆಯಾಗಿ ಹೋದ ಹುಡುಗಿ ನಲವತ್ತಾದರೂ "ಈ ಸಲ ಹೋದರೆ ವಾಪಸ್ ಬರಬಹುದಾ" ಅಂತ ಕೇಳಿಕೊಂಡೇ ಟಿಕೆಟ್ ಮಾಡಿಸುತ್ತಾಳೆ. ಇಲ್ಲಾ, ಮಾಡಿಸೋದನ್ನೇ ಬಿಡುತ್ತಾಳೆ. ಅಪಾಯ ಯಾಕೆ ಅಂತ ನಾಲ್ಕು, ಐದು ವರ್ಷ ಊರಿಗೆ ಬಾರದವರು ಎಷ್ಟೋ ಜನ ಇದ್ದಾರೆ.

ಇನ್ನು ಹೊಂದಿಕೊಳ್ಳುವ ಮಾತಿಗೆ ಬರೋಣ. ನಮ್ಮ ಹಿರಿಯರಲ್ಲಿ ಒಂದು ನಂಬಿಕೆ ಇದೆ: ಪದೇ ಪದೇ ತವರಿಗೆ ಹೋದರೆ ಹೆಣ್ಣಿನ ಮನಸ್ಸು ಗಂಡನ ಮನೆಯಲ್ಲಿ ನಿಲ್ಲುವುದಿಲ್ಲ. ಹಳ್ಳಿಯಿಂದ ಹಳ್ಳಿಗೆ ಮದುವೆಯಾದ ಕಾಲದಲ್ಲೂ ಇದನ್ನೇ ಹೇಳುತ್ತಿದ್ದರು, ಕಡಲು ದಾಟಿದ ಮೇಲೂ ಇದನ್ನೇ ಹೇಳುತ್ತಾರೆ. ಅಮೆರಿಕದಲ್ಲಿರುವ ಗಂಡಂದಿರೂ ಕೆಲವರು ಇದನ್ನು ನಂಬುತ್ತಾರೆ. "ಮೊದಲ ವರ್ಷ ಕಳುಹಿಸಬೇಡ, ಅಭ್ಯಾಸ ಆಗಲಿ." ನನಗೆ ಇದು ಪೂರ್ತಿ ತಲೆಕೆಳಗಾದ ಮಾತು ಅನಿಸುತ್ತದೆ. ತವರಿಗೆ ಹೋಗಿಬರೋದು ಹೊಂದಿಕೊಳ್ಳೋದಕ್ಕೆ ಅಡ್ಡಿಯಲ್ಲ, ಅದರದೇ ಒಂದು ಭಾಗ. ಅಡ್ಡಿಯಾಗೋದು ಯಾವುದು ಅಂದರೆ, ಹೋಗೋದೂ ಬರೋದೂ ತನ್ನ ಕೈಯಲ್ಲಿ ಇಲ್ಲ ಅನ್ನುವ ಸ್ಥಿತಿ.

ಸಂಶೋಧಕರು ಈ ವಿಷಯವನ್ನು ಎಪ್ಪತ್ತು ವರ್ಷದಿಂದ ನೋಡುತ್ತಿದ್ದಾರೆ. 1955ರಲ್ಲಿ ನಾರ್ವೆಯ ಸ್ವೆರೆ ಲಿಸ್ಗೋರ್ ಅನ್ನುವ ಸಮಾಜಶಾಸ್ತ್ರಜ್ಞ ಅಮೆರಿಕಕ್ಕೆ ಓದಲು ಹೋಗಿಬಂದ ತನ್ನ ದೇಶದವರನ್ನು ಮಾತಾಡಿಸಿ, ಮೊದಲು ಖುಷಿ, ಆಮೇಲೆ ಕುಸಿತ, ಆಮೇಲೆ ಚೇತರಿಕೆ ಅನ್ನುವ ಚಿತ್ರ ಕೊಟ್ಟ. ಇಂಗ್ಲಿಷಿನ ಯು ಅಕ್ಷರದ ಆಕಾರ. 1963ರಲ್ಲಿ ಗುಲ್ಲಾಹಾರ್ನ್ ದಂಪತಿ ಇದಕ್ಕೆ ಇನ್ನೊಂದು ಯು ಸೇರಿಸಿದರು: ಊರಿಗೆ ವಾಪಸ್ ಹೋದಾಗಲೂ ಅದೇ ಕುಸಿತ, ಅದೇ ಚೇತರಿಕೆ ಇರುತ್ತದೆ ಅಂತ. ಈ ಚಿತ್ರ ಎಲ್ಲ ಕಡೆ ಪ್ರಸಿದ್ಧವಾಯಿತು. ಮದುವೆಯಾಗಿ ಹೋಗುವ ಹುಡುಗಿಯರಿಗೆ ಈಗಲೂ "ಮೊದಲ ಆರು ತಿಂಗಳು ಚೆನ್ನಾಗಿರುತ್ತೆ, ಆಮೇಲೆ ಬೇಜಾರಾಗುತ್ತೆ, ಆಮೇಲೆ ಸರಿಹೋಗುತ್ತೆ" ಅನ್ನುತ್ತಾರಲ್ಲ, ಅದು ಇದರದೇ ನೆರಳು. ಆದರೆ 1998ರಲ್ಲಿ ಕಾಲೀನ್ ವಾರ್ಡ್ ಮತ್ತು ಜೊತೆಯವರು ನ್ಯೂಜಿಲೆಂಡಿಗೆ ಬಂದ ಜಪಾನಿ ವಿದ್ಯಾರ್ಥಿಗಳನ್ನು ಬಂದ ದಿನದಿಂದಲೇ ಗಮನಿಸಿ ನೋಡಿದಾಗ ಆ ಮೊದಲ ಖುಷಿ ಕಾಣಲೇ ಇಲ್ಲ. ಬಂದ ಹೊಸದರಲ್ಲೇ ಎಲ್ಲಕ್ಕಿಂತ ಹೆಚ್ಚು ಕಷ್ಟ ಇತ್ತು. ಇದು ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ, ಮದುವೆಯಾಗಿ ಹೋದವರದ್ದಲ್ಲ, ಆದರೂ ಎಚ್-4 ಮೇಲೆ ಹೋದ ಯಾರನ್ನಾದರೂ ಕೇಳಿ ನೋಡಿ. ಗಂಡ ಬೆಳಗ್ಗೆ ಆಫೀಸಿಗೆ ಹೋದ ಮೇಲೆ ಕಾರು ಓಡಿಸಲು ಬಾರದೆ, ಗೊತ್ತಿರುವವರು ಯಾರೂ ಇಲ್ಲದೆ, ಬೆಂಗಳೂರಿನಲ್ಲಿ ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಒಬ್ಬಳೇ ಕೂತ ಮೊದಲ ತಿಂಗಳುಗಳನ್ನು ಅವರು ಮರೆತಿರುವುದಿಲ್ಲ.

ಕೆನಡಾದ ಮನಶ್ಶಾಸ್ತ್ರಜ್ಞ ಜಾನ್ ಬೆರಿ ಇದನ್ನು ಬೇರೆ ರೀತಿ ನೋಡಿದರು. ಹೊಸ ನಾಡಿಗೆ ಬಂದವರ ಮುಂದೆ ಎರಡು ಪ್ರಶ್ನೆ ಇರುತ್ತವೆ. ನಮ್ಮದನ್ನು ಉಳಿಸಿಕೊಳ್ಳಬೇಕಾ? ಇಲ್ಲಿಯವರ ಜೊತೆ ಬೆರೆಯಬೇಕಾ? ಎರಡಕ್ಕೂ ಹೌದು ಅಂದವರು, ಅಂದರೆ ತಮ್ಮದನ್ನು ಬಿಡದೆ ಹೊಸದಕ್ಕೂ ತೆರೆದುಕೊಂಡವರು, ಸಾಮಾನ್ಯವಾಗಿ ಹೆಚ್ಚು ನೆಮ್ಮದಿಯಾಗಿ ನೆಲೆಯಾಗುತ್ತಾರೆ ಅನ್ನೋದು ಅವರ ವಾದ. ಇದಕ್ಕೆ ಅವರು ಒಂದು ಷರತ್ತನ್ನೂ ಹೇಳುತ್ತಾರೆ, ಅದನ್ನು ಜನ ಮರೆಯುತ್ತಾರೆ. ಹೀಗೆ ಆರಿಸಿಕೊಳ್ಳೋಕೆ ವಲಸೆ ಬಂದವರಿಗೆ ಸ್ವಾತಂತ್ರ್ಯ ಇರಬೇಕು, ಆ ಸಮಾಜವೂ ಜಾಗ ಬಿಡಬೇಕು. ಎಚ್-4 ಹೆಣ್ಣುಮಗಳಿಗೆ ಎರಡರಲ್ಲೂ ಕೊರತೆ. ಅಲ್ಲಿಯವರ ಜೊತೆ ಬೆರೆಯುವ ಮುಖ್ಯ ದಾರಿ ಕೆಲಸ, ಅದು ಇವರಲ್ಲಿ ಎಷ್ಟೋ ಜನರಿಗೆ ಇಲ್ಲ. ತನ್ನದನ್ನು ಉಳಿಸಿಕೊಳ್ಳುವ ಮುಖ್ಯ ದಾರಿ ತವರು, ಅಲ್ಲಿಗೆ ಹೋದರೆ ವಾಪಸ್ ಬರುವ ಖಾತ್ರಿ ಇಲ್ಲ. ಎರಡೂ ಕಡೆ ಬಾಗಿಲು ಅರ್ಧ ಮುಚ್ಚಿರುವಾಗ "ನೀನೇಕೆ ಹೊಂದಿಕೊಳ್ಳುತ್ತಿಲ್ಲ" ಅಂತ ಅವಳನ್ನು ಕೇಳೋದು ನ್ಯಾಯ ಅಲ್ಲ.

ತವರಿನ ಭೇಟಿ ನಿಜವಾಗಿ ಏನು ಮಾಡುತ್ತದೆ ಅಂತ ನೋಡಿ. ದೂರದಲ್ಲಿ ಇರುವವರ ಮನಸ್ಸಿನಲ್ಲಿ ಊರು ಅವರು ಬಿಟ್ಟುಬಂದ ದಿನದಲ್ಲೇ ನಿಂತಿರುತ್ತದೆ. ಅಮ್ಮನಿಗೆ ಅದೇ ವಯಸ್ಸು, ಅಡುಗೆಮನೆಯಲ್ಲಿ ಅದೇ ಡಬ್ಬಿಗಳು, ಬೀದಿಯಲ್ಲಿ ಅದೇ ಮರ. ಬಂದು ನೋಡಿದಾಗ ಗೊತ್ತಾಗುತ್ತದೆ. ಅಮ್ಮ ಮೆಟ್ಟಿಲು ಹತ್ತುವಾಗ ನಿಂತು ನಿಂತು ಹತ್ತುತ್ತಾರೆ. ಅಡುಗೆಮನೆ ಈಗ ಅತ್ತಿಗೆಯದು, ಉಪ್ಪಿನ ಡಬ್ಬಿ ಎಲ್ಲಿದೆ ಅಂತ ಕೇಳಬೇಕು. ಗೆಳತಿಯರಿಗೆ ಅವರದೇ ಓಟ, ಭೇಟಿಗೆ ಭಾನುವಾರವೇ ಆಗಬೇಕು. ಬೆಂಗಳೂರು ಬಿಡಿ, ಹಾಸನ, ಶಿವಮೊಗ್ಗ, ಹುಬ್ಬಳ್ಳಿ ಕೂಡ ಅವಳು ಬಿಟ್ಟುಹೋದ ಹಾಗೆ ಇಲ್ಲ. ಮೊದಲ ಭೇಟಿಯಲ್ಲಿ ಇದು ನೋವು ಕೊಡುತ್ತದೆ, ಅತ್ತವರೂ ಇದ್ದಾರೆ. ಆದರೆ ಹೊಸ ನಾಡಿನಲ್ಲಿ ಬೇರು ಬಿಡೋದಕ್ಕೆ ಸಹಾಯ ಮಾಡೋದು ಇದೇ ನೋವು. "ನಾನು ಕಳೆದುಕೊಂಡೆ ಅಂದುಕೊಂಡ ಊರು ಈಗ ಊರಿನಲ್ಲೂ ಇಲ್ಲ" ಅಂತ ಕಣ್ಣಾರೆ ಕಂಡವಳು ಅಲ್ಲಿಯ ಬದುಕನ್ನು ಇಲ್ಲದ ಒಂದು ಸ್ವರ್ಗದ ಜೊತೆ ಹೋಲಿಸೋದನ್ನು ನಿಲ್ಲಿಸುತ್ತಾಳೆ. ಐದಾರು ವರ್ಷ ಬರೋಕಾಗದೆ ಉಳಿದವರಲ್ಲೇ ಹಂಬಲ ಹೆಚ್ಚಾಗಿರೋದನ್ನು ನಾನು ಕಂಡಿದ್ದೇನೆ. ಅವರ ನೆನಪನ್ನು ತಿದ್ದುವಂಥದ್ದು ಏನೂ ನಡೆದಿರೋದಿಲ್ಲ. ವಿಡಿಯೋ ಕಾಲ್ ಈ ಕೆಲಸ ಮಾಡೋದಿಲ್ಲ, ಯಾಕಂದರೆ ಅಮ್ಮ ಕಾಲ್ ಮಾಡುವ ಮುಂಚೆ ತಲೆ ಬಾಚಿಕೊಂಡು, ಚೆನ್ನಾಗಿ ಕಾಣುವ ಕಡೆ ಕೂತಿರುತ್ತಾರೆ. ಮೊಣಕಾಲು ನೋವು ಪರದೆಯಲ್ಲಿ ಕಾಣೋದಿಲ್ಲ.

ಹಾಗಂತ ಈ ಭೇಟಿಗಳು ಆರಾಮ ಅಂದುಕೊಳ್ಳಬೇಡಿ. ಕ್ಯಾಲೆಂಡರ್ ನೋಡಿ. ಅಮೆರಿಕದ ಶಾಲೆಗಳಿಗೆ ದೊಡ್ಡ ರಜೆ ಜೂನ್‌ನಿಂದ ಆಗಸ್ಟ್‌ವರೆಗೆ. ನಮ್ಮಲ್ಲಿ ಆಗ ಆಷಾಢ, ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಇನ್ನೊಂದು ರಜೆ ಡಿಸೆಂಬರ್ ಕೊನೆಗೆ. ಆಗ ಧನುರ್ಮಾಸ, ಮತ್ತೆ ಶುಭಕಾರ್ಯ ಇಲ್ಲ. ಗೌರಿ ಹಬ್ಬ ಬರುವ ಹೊತ್ತಿಗೆ ಬಹಳ ಕಡೆ ಮಕ್ಕಳಿಗೆ ಶಾಲೆ ಶುರುವಾಗಿರುತ್ತದೆ. ಉತ್ತರ ಕರ್ನಾಟಕದಲ್ಲಿ ಮಗಳು ತವರಿಗೆ ಬರಬೇಕಾದ ಹಬ್ಬ ಅಂದರೆ ಪಂಚಮಿ. ಅಣ್ಣ ಹೋಗಿ ಕರೆದುಕೊಂಡು ಬರಬೇಕು, ಜೋಕಾಲಿ ಕಟ್ಟಬೇಕು, ಉಂಡಿ ಕಟ್ಟಬೇಕು. ಅದು ಜುಲೈ ಕೊನೆಯಲ್ಲಿ ಬಿದ್ದ ವರ್ಷ ಸಿಕ್ಕರೆ ಸಿಕ್ಕಿತು, ಆಗಸ್ಟ್ ನಡುವೆ ಬಿದ್ದರೆ ಇಲ್ಲ. ಹೀಗಾಗಿ ವರ್ಷಗಟ್ಟಲೆ ದುಡ್ಡು ಕೂಡಿಟ್ಟು ಬಂದರೂ ತಮ್ಮನ ಮದುವೆ, ಅಕ್ಕನ ಮಗಳ ನಾಮಕರಣ, ಯಾವುದೂ ಸಿಗದೆ ಹೋಗುತ್ತದೆ. ಬಳಗದವರು ಒಟ್ಟಿಗೆ ಸೇರುವ ಹೊತ್ತಿನಲ್ಲಿ ಅವಳು ಇರೋದಿಲ್ಲ, ಅವಳು ಬಂದಾಗ ಬಳಗ ಅವರವರ ಕೆಲಸದಲ್ಲಿ ಇರುತ್ತದೆ.

ಬಂದ ದಿನಗಳನ್ನೂ ಹಂಚಬೇಕು. ಮೊದಲು ಅತ್ತೆ ಮನೆ, ಅದು ಹೇಳದೆಯೇ ಗೊತ್ತಿರುವ ನಿಯಮ. ಆಮೇಲೆ ಗಂಡನ ಕಡೆಯ ನೆಂಟರು, ಮನೆದೇವರು, ಹರಕೆ. ನಡುವೆ ಚೆನ್ನೈಗೆ ಹೋಗಿ ಬೆರಳಚ್ಚು ಒಂದು ದಿನ, ಸಂದರ್ಶನ ಇನ್ನೊಂದು ದಿನ. ಪಾಸ್‌ಪೋರ್ಟ್ ಕೈಗೆ ಬರುವವರೆಗೆ ಎಲ್ಲಿಗೂ ನೆಮ್ಮದಿಯಾಗಿ ಹೋಗೋಕಾಗದ ಒಂದು ವಾರ. ಹಲ್ಲಿನ ಡಾಕ್ಟರು, ಬ್ಯಾಂಕ್ ಕೆವೈಸಿ, ಮಗುವಿಗೆ ಲಸಿಕೆ, ಬ್ಲೌಸ್ ಹೊಲಿಸೋದು. ಕೊನೆಗೆ ತವರಿಗೆ ಉಳಿಯೋದು ಎಷ್ಟು? "ಇನ್ನೊಂದು ವಾರ ಇರೋಕಾಗಲ್ವೇನೇ?" ಅಂತ ಅಮ್ಮ ಕೇಳುವ ಹೊತ್ತಿಗೆ ಹೊರಡುವ ದಿನ ಬಂದಿರುತ್ತದೆ. ಒಂದು ಮಾತನ್ನು ಗಂಡಂದಿರಿಗೆ ನೇರವಾಗಿ ಹೇಳಬೇಕು ಅನಿಸುತ್ತದೆ. ನಿಮ್ಮ ಮನೆಯಲ್ಲಿ ಅವಳು ಸೊಸೆ, ಅಮೆರಿಕದಲ್ಲಿ ಅವಳು ಡಿಪೆಂಡೆಂಟ್, ಮಗಳಾಗಿ ಇರೋಕೆ ಅವಳಿಗೆ ಇರುವುದು ಆ ಹತ್ತು ದಿನ ಮಾತ್ರ. ದಿನ ಹಂಚುವಾಗ ಅರ್ಧಕ್ಕರ್ಧ ಮಾಡಿ. ನಿಮಗೆ ರಜೆ ಇಲ್ಲದಿದ್ದರೆ ಅವಳನ್ನೂ ಮಗುವನ್ನೂ ಎರಡು ವಾರ ಮೊದಲೇ ಕಳುಹಿಸಿ.

ಬಾಣಂತನದ ವಿಷಯ ಇದಕ್ಕೆ ಸೇರಿದ್ದೇ. ಮೊದಲ ಹೆರಿಗೆ ತವರಲ್ಲಿ ಅನ್ನೋದು ನಮ್ಮ ರೂಢಿ. ಅಮೆರಿಕದಲ್ಲಿ ಇರುವವರಿಗೆ ಇದು ತಿರುಗುಮುರುಗಾಗಿದೆ, ತವರೇ ಅಲ್ಲಿಗೆ ಬರಬೇಕು. ಅಮ್ಮನಿಗೆ ಬಿ-2, ಅಂದರೆ ಪ್ರವಾಸಿ ವೀಸಾ, ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಅಮ್ಮ ಬಂದು ಎಣ್ಣೆನೀರು, ಸೊಪ್ಪಿನ ಸಾರು, ಕಾಳುಮೆಣಸು ಅಂತ ನೋಡಿಕೊಂಡು ಹೊರಟುಹೋದ ಮೇಲಿನ ವಾರ ಎಚ್-4 ತಾಯಂದಿರ ಬದುಕಿನ ತೀರಾ ಕಷ್ಟದ ವಾರಗಳಲ್ಲಿ ಒಂದು. ಕನ್ನಡ ಕೂಟಗಳು ರಾಜ್ಯೋತ್ಸವ, ಯುಗಾದಿ ಚೆನ್ನಾಗಿ ಮಾಡುತ್ತವೆ, ಅದು ಬೇಕು. ಅದರ ಜೊತೆಗೆ ಅಮ್ಮ ವಾಪಸ್ ಹೋದ ಬಾಣಂತಿಯ ಮನೆಗೆ ಸರದಿಯ ಮೇಲೆ ಊಟ ತಲುಪಿಸುವ ಪದ್ಧತಿಯನ್ನು ಪ್ರತಿ ಕೂಟವೂ ಇಟ್ಟುಕೊಂಡರೆ ಹೊಂದಿಕೊಳ್ಳೋದಕ್ಕೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ದುಡ್ಡಿನ ಮಾತು. ಎಚ್-4 ಮೇಲೆ ಹೋದವರಿಗೆ ಕೆಲಸದ ಪರವಾನಗಿ ಇಲ್ಲದಿದ್ದರೆ ಸೋಷಿಯಲ್ ಸೆಕ್ಯುರಿಟಿ ನಂಬರ್ (ಅಲ್ಲಿಯ ಗುರುತಿನ ಸಂಖ್ಯೆ) ಕೂಡ ಸಿಗೋದಿಲ್ಲ. ಓದಬಹುದು, ಸೇವೆ ಮಾಡಬಹುದು, ಸಂಬಳ ತೆಗೆದುಕೊಳ್ಳುವ ಹಾಗಿಲ್ಲ. ಎಂಜಿನಿಯರಿಂಗ್ ಮುಗಿಸಿ ಇಲ್ಲಿ ಕೆಲಸದಲ್ಲಿದ್ದ ಹುಡುಗಿ ಅಲ್ಲಿ ತನ್ನ ತಾಯಿಯನ್ನು ನೋಡಲು ಹೋಗುವ ಟಿಕೆಟ್ಟಿಗೂ ಗಂಡನನ್ನು ಕೇಳಬೇಕು. ಗಂಡ ಒಳ್ಳೆಯವನೇ ಇರಬಹುದು, ಕೇಳಿದ ತಕ್ಷಣ ಕೊಡಬಹುದು. ಆದರೂ ಕೇಳಬೇಕಲ್ಲ. 2015ರ ಮೇ 26ರಿಂದ ಸ್ವಲ್ಪ ಬದಲಾಯಿತು. ಗಂಡನ ಗ್ರೀನ್ ಕಾರ್ಡಿಗೆ ಕಂಪನಿ ಹಾಕುವ ಐ-140 ಅನ್ನುವ ಅರ್ಜಿ ಮಂಜೂರಾಗಿದ್ದರೆ ಹೆಂಡತಿಗೆ ಇಎಡಿ, ಅಂದರೆ ಕೆಲಸದ ಪರವಾನಗಿ ಸಿಗುವ ಹಾಗಾಯಿತು. ಅದನ್ನು ಪಡೆದವರಲ್ಲಿ ಶೇಕಡ 90ಕ್ಕಿಂತ ಹೆಚ್ಚು ಜನ ಭಾರತೀಯರು, ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು. ಇದನ್ನು ರದ್ದು ಮಾಡಿಸಲು ಹಾಕಿದ್ದ ಮೊಕದ್ದಮೆ ಹತ್ತು ವರ್ಷ ನಡೆದು, 2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ವಿಚಾರಣೆಗೆ ತೆಗೆದುಕೊಳ್ಳಲು ಒಪ್ಪಲಿಲ್ಲ, ಪರವಾನಗಿ ಉಳಿಯಿತು. ಅದೇ ತಿಂಗಳ 30ರಿಂದ ಮಾತ್ರ ಇನ್ನೊಂದು ಪೆಟ್ಟು ಬಿತ್ತು. ನವೀಕರಣಕ್ಕೆ ಅರ್ಜಿ ಹಾಕಿದವರಿಗೆ ಹಳೆ ಪರವಾನಗಿ 540 ದಿನದವರೆಗೆ ತಾನಾಗಿ ಮುಂದುವರಿಯುತ್ತಿದ್ದ ಸೌಲಭ್ಯ ನಿಂತಿತು. ಈಗ ಹೊಸ ಕಾರ್ಡ್ ಕೈಗೆ ಬರೋದು ತಡವಾದರೆ ಕೆಲಸ ನಿಲ್ಲಿಸಬೇಕು. ಕಾರ್ಡಿನ ದಿನಾಂಕ, ಐ-94 (ಅಲ್ಲಿ ಎಷ್ಟು ದಿನ ಇರಬಹುದು ಅನ್ನುವ ದಾಖಲೆ) ದಿನಾಂಕ, ವೀಸಾ ಮುದ್ರೆಯ ದಿನಾಂಕ, ಮೂರನ್ನೂ ಹೊಂದಿಸಿಕೊಂಡು ಅಪ್ಪನ ಆಪರೇಷನ್ನಿಗೆ ಬರಬೇಕು.

ಅಪ್ಪನ ಆಪರೇಷನ್ ಅಂದೆ, ಕೋವಿಡ್ ನೆನಪಾಯಿತು. 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತವು. ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪ್ರಜೆಗಳಿಗೆ ಭಾರತ ಕೊಡುವ ಕಾರ್ಡ್) ಇದ್ದ ಮಕ್ಕಳ ಪ್ರವೇಶವನ್ನೂ ಭಾರತ ಆಗ ತಡೆದಿತ್ತು, ತಾಯಿ ಭಾರತೀಯಳು, ಬರಬಹುದು, ಅಲ್ಲಿ ಹುಟ್ಟಿದ ಕೂಸು ಬರುವ ಹಾಗಿಲ್ಲ. ಮೇ ಕೊನೆಗೆ ಅದನ್ನು ಸಡಿಲಿಸಿದರು. ಜೂನ್ 22ಕ್ಕೆ ಅಮೆರಿಕದ ಕಡೆಯಿಂದ ಘೋಷಣೆ ಬಂತು: ಹೊರಗಿರುವ, ವೀಸಾ ಮುದ್ರೆ ಇಲ್ಲದ ಎಚ್-1ಬಿ, ಎಚ್-4 ಜನ ಒಳಗೆ ಬರುವ ಹಾಗಿಲ್ಲ. ಅದು 2021ರ ಮಾರ್ಚ್ ಕೊನೆಯವರೆಗೆ ಮುಂದುವರಿಯಿತು. ಆ ಕಾಲದಲ್ಲಿ ಅಪ್ಪ ಅಮ್ಮನ ಅಂತ್ಯಕ್ರಿಯೆಯನ್ನು ಫೋನಿನಲ್ಲಿ ನೋಡಿದವರು ನಮ್ಮ ನಡುವೆ ಇದ್ದಾರೆ. ಇದನ್ನು ಅನುಭವಿಸಿದ ಹೆಣ್ಣುಮಕ್ಕಳು ಗ್ರೀನ್ ಕಾರ್ಡ್ ಬಂದ ಮೇಲೂ ಊರು ಬಿಡುವಾಗ ಬೆಚ್ಚುತ್ತಾರೆ.

ಈಗ ಕಷ್ಟದ ಭಾಗ. ತವರಿನ ಭೇಟಿಯನ್ನೇ ಹೆಂಡತಿಯನ್ನು ಬಿಡುವ ಉಪಾಯ ಮಾಡಿಕೊಳ್ಳುವ ಗಂಡಂದಿರೂ ಇದ್ದಾರೆ. ರಜೆ ಅಂತ ಕರೆತಂದು, ಪಾಸ್‌ಪೋರ್ಟ್ ತೆಗೆದುಕೊಂಡು ತಾನೊಬ್ಬನೇ ವಾಪಸ್ ಹೋಗೋದು. ಎಚ್-4 ಗಂಡನ ವೀಸಾಗೆ ಅಂಟಿಕೊಂಡಿರುವುದರಿಂದ, ಅವನು ಕಾಗದ ಕೊಡದಿದ್ದರೆ ಅವಳು ಸ್ಟಾಂಪಿಂಗ್ ಮಾಡಿಸೋದು ಕಷ್ಟ, ವಿಚ್ಛೇದನವಾದರೆ ಆ ವೀಸಾವೇ ಇಲ್ಲ. ಬ್ರಿಟನ್ನಿನಲ್ಲಿ ಹೀಗೆ ಹೊರದೇಶದಲ್ಲಿ ಹೆಂಡತಿಯನ್ನು ಬಿಟ್ಟುಬರೋದನ್ನು ಕೌಟುಂಬಿಕ ನ್ಯಾಯಾಲಯಗಳ ನಿಯಮದಲ್ಲಿ 2017ರಲ್ಲೇ ಕೌಟುಂಬಿಕ ದೌರ್ಜನ್ಯ ಅಂತ ಸೇರಿಸಿದರು. 2024ರ ಜನವರಿ 31ರಿಂದ ಅಂಥ ಹೆಂಗಸರು ಹೊರಗಿನಿಂದಲೇ ವಾಪಸ್ ಬರಲು ಅರ್ಜಿ ಹಾಕಬಹುದು. ನಮ್ಮಲ್ಲಿ ಅನಿವಾಸಿ ಮದುವೆಗಳ ನೋಂದಣಿ ಮಸೂದೆಯನ್ನು 2019ರ ಫೆಬ್ರವರಿಯಲ್ಲಿ ರಾಜ್ಯಸಭೆಯಲ್ಲಿ ಮಂಡಿಸಿದರು, ಅದು ಕಾನೂನಾಗಲಿಲ್ಲ. 2024ರ ಫೆಬ್ರವರಿಯಲ್ಲಿ ಕಾನೂನು ಆಯೋಗ ತನ್ನ 287ನೇ ವರದಿಯಲ್ಲಿ ಮತ್ತೆ ಅದನ್ನೇ ಹೇಳಿತು: ನೋಂದಣಿ ಕಡ್ಡಾಯ ಮಾಡಿ, ಪಾಸ್‌ಪೋರ್ಟಿನಲ್ಲಿ ಮದುವೆಯ ವಿವರ ಬರಲಿ. ಸದ್ಯಕ್ಕೆ ದೂರು ಕೊಡಲು ರಾಷ್ಟ್ರೀಯ ಮಹಿಳಾ ಆಯೋಗದ ಅನಿವಾಸಿ ವಿಭಾಗ ಇದೆ.

ಮಗು ಇದ್ದರೆ ಇದು ಇನ್ನೂ ಗೋಜಲು. ಗಂಡನ ಜೊತೆ ಸರಿಯಿಲ್ಲದಾಗ ಮಗುವನ್ನು ಕರೆದುಕೊಂಡು ತವರಿಗೆ ಬರೋದು ನಮ್ಮ ಪಾಲಿಗೆ ಸಹಜ. ಅಮೆರಿಕದ ಕಾನೂನಿನ ಕಣ್ಣಲ್ಲಿ ತಂದೆಯ ಒಪ್ಪಿಗೆ ಇಲ್ಲದೆ ಹಾಗೆ ಬಂದರೆ ಅಪಹರಣ ಆಗಬಹುದು, 1993ರ ಒಂದು ಕೇಂದ್ರ ಕಾನೂನೇ ಇದೆ. ಮಕ್ಕಳ ಅಪಹರಣದ ಬಗ್ಗೆ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಹಾಗಾಗಿ ಇಲ್ಲಿಯ ಕೋರ್ಟ್ ಮಗುವಿನ ಹಿತ ನೋಡಿ ಬೇರೆಯೇ ತೀರ್ಪು ಕೊಡಬಹುದು, ಬ್ರಿಟನ್ನಿನಿಂದ ಮಗಳನ್ನು ಕರೆತಂದ ನಿತ್ಯಾ ಆನಂದ್ ರಾಘವನ್ ಪ್ರಕರಣದಲ್ಲಿ 2017ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಹಾಗೆಯೇ ಮಾಡಿತು. ಎರಡು ದೇಶದ ಎರಡು ತೀರ್ಪುಗಳ ನಡುವೆ ತಾಯಿ ಮಗು ಇಬ್ಬರೂ ಸಿಕ್ಕಿಕೊಳ್ಳುತ್ತಾರೆ.

ಬೇರೆ ಥರ ಯೋಚಿಸಿದ ದೇಶವೂ ಒಂದಿದೆ. ದಕ್ಷಿಣ ಕೊರಿಯಾಕ್ಕೆ ವಿಯೆಟ್ನಾಂ, ಫಿಲಿಪ್ಪೀನ್ಸ್, ಕಾಂಬೋಡಿಯಾ ಕಡೆಯಿಂದ ಮದುವೆಯಾಗಿ ಬಂದ ಹೆಂಗಸರು ಬಹಳ ಜನ. 2008ರಲ್ಲಿ ಇಂಥ ಕುಟುಂಬಗಳಿಗೆ ಅಂತಲೇ ಒಂದು ಕಾನೂನು ಮಾಡಿ, ಭಾಷೆ ಕಲಿಸೋದಕ್ಕೆ, ಸಲಹೆಗೆ ಕೇಂದ್ರಗಳನ್ನು ತೆರೆದರು. ಅಲ್ಲಿಯ ಸ್ಥಳೀಯ ಆಡಳಿತಗಳು, ಕೆಲವು ಸಂಸ್ಥೆಗಳು ಈ ಹೆಂಗಸರನ್ನು ಗಂಡ ಮಕ್ಕಳ ಸಮೇತ ಅವರ ತವರಿಗೆ ತಮ್ಮ ಖರ್ಚಿನಲ್ಲೇ ಕಳುಹಿಸುತ್ತವೆ. ಕೊರಿಯಾದಲ್ಲಿ ಎಲ್ಲ ಚೆನ್ನಾಗಿದೆ ಅಂತಲ್ಲ, ದಲ್ಲಾಳಿ ಮದುವೆ, ಹಿಂಸೆ ಅಲ್ಲೂ ಇವೆ. ಆದರೆ ಸೊಸೆ ನೆಲೆಯೂರಬೇಕಾದರೆ ಅವಳ ತವರನ್ನು ಗಂಡ ಮಕ್ಕಳು ನೋಡಬೇಕು ಅನ್ನೋದನ್ನು ಒಂದು ಆಡಳಿತ ಅರ್ಥ ಮಾಡಿಕೊಂಡಿದೆಯಲ್ಲ, ಅದು ದೊಡ್ಡದು. ಅಮ್ಮನಿಗೂ ಒಂದು ಊರಿದೆ, ಅಲ್ಲಿ ಅವಳ ಭಾಷೆಯಲ್ಲಿ ಅವಳು ಎಲ್ಲರ ಜೊತೆ ನಗುತ್ತಾ ಮಾತಾಡುತ್ತಾಳೆ ಅಂತ ಕಂಡ ಮಗು ಅಮ್ಮನ ತಪ್ಪು ಉಚ್ಚಾರಣೆಗೆ ನಾಚಿಕೊಳ್ಳೋದು ಕಡಿಮೆಯಾಗುತ್ತದೆ. ಅಮೆರಿಕದ ನಮ್ಮ ಮಕ್ಕಳಿಗೂ ಇದು ಬೇಕು. ವಾರಕ್ಕೊಂದು ಕನ್ನಡ ತರಗತಿಯಿಂದ ಆಗದ್ದು ಅಜ್ಜಿ ಮನೆಯಲ್ಲಿ ಮಕ್ಕಳ ಜೊತೆ ಜಗಳ ಆಡುವಾಗ ಆಗುತ್ತದೆ.

ಈ ವರ್ಷ ಊರಿಗೆ ಬರುವ ಯೋಚನೆ ಇರುವವರಿಗೆ ಕೆಲವು ಮಾತು. ವೀಸಾ ಮುದ್ರೆಯ ಅವಧಿ ಇದ್ದರೆ ಈಗಲೇ ಬಂದುಹೋಗಿ, ಮುಗಿಯುವವರೆಗೆ ಕಾಯಬೇಡಿ. ಮುಗಿದಿದ್ದರೆ ಮೊದಲು ಅಪಾಯಿಂಟ್‌ಮೆಂಟ್, ಆಮೇಲೆ ಟಿಕೆಟ್, ಅದೂ ದಿನಾಂಕ ಬದಲಿಸಲು ಬರುವ ಟಿಕೆಟ್. ಸಂದರ್ಶನದಲ್ಲಿ 221(ಜಿ) ಚೀಟಿ, ಅಂದರೆ ಇನ್ನೂ ಪರಿಶೀಲಿಸಬೇಕು ಅನ್ನುವ ಚೀಟಿ, ಕೊಟ್ಟು ಕಾಯಿಸಿದರೆ ಮಗುವಿನ ಶಾಲೆಗೆ ಏನು ಹೇಳಬೇಕು, ಮನೆ ಬಾಡಿಗೆ ಯಾರು ನೋಡಿಕೊಳ್ಳಬೇಕು ಅಂತ ಹೊರಡುವ ಮೊದಲೇ ಮಾತಾಡಿಕೊಳ್ಳಿ. ನಿಮ್ಮ ಪಾಸ್‌ಪೋರ್ಟ್, ಐ-797, ಮದುವೆಯ ನೋಂದಣಿ ಪತ್ರ, ಮಗುವಿನ ಜನನ ಪತ್ರ ಇವು ನಿಮ್ಮ ಕೈಚೀಲದಲ್ಲೇ ಇರಲಿ, ಇವುಗಳ ಫೋಟೋ ನಿಮ್ಮದೇ ಇಮೇಲ್‌ನಲ್ಲಿ ಇರಲಿ. ಮಗುವಿನ ಜೊತೆ ಒಬ್ಬರೇ ಬರುವುದಾದರೆ ಗಂಡನಿಂದ ನೋಟರಿ ಮಾಡಿಸಿದ ಒಪ್ಪಿಗೆ ಪತ್ರ ತನ್ನಿ. ಮಗಳನ್ನು ಕಳುಹಿಸಿಕೊಡುವ ಅಪ್ಪ ಅಮ್ಮಂದಿರು ಮದುವೆಗೆ ಮೊದಲು ಸಂಬಳ, ಮನೆ, ಕಾರು ಕೇಳುವಾಗ ಹುಡುಗನ ಐ-140 ಆಗಿದೆಯಾ, ವೀಸಾ ಮುದ್ರೆ ಯಾವಾಗ ಮುಗಿಯುತ್ತದೆ, ಮಗಳು ಎಷ್ಟು ವರ್ಷಕ್ಕೊಮ್ಮೆ ಬರಬಹುದು ಅನ್ನೋದನ್ನೂ ಬಾಯಿಬಿಟ್ಟು ಕೇಳಿ. ಉತ್ತರ ಕೊಡಲು ಹುಡುಗ ತಡವರಿಸಿದರೆ ಮಾತುಕತೆಯನ್ನು ಅಲ್ಲಿಗೇ ಸ್ವಲ್ಪ ನಿಲ್ಲಿಸಿ, ಮಗಳ ಜೊತೆ ಕೂತು ಮಾತಾಡಿ.